ಅದನ್ನು ‘ಔಷಧಿ’ ಅನ್ನಬೇಡಿ



ಜ್ವರ ಬಂದರೆ ಕುಡಿಯೋದೂ ‘ಔಷಧಿ’, ಹೊಲಕ್ಕೆ ಹೊಡೆಯೋದೂ ‘ಔಷಧಿ’. ಕೆಲವು ಕಡೆ ಹೊಲದ್ದನ್ನು ‘ಎಣ್ಣೆ’ ಅಂತಲೂ ಕರೀತಾರೆ. ದೊಡ್ಡವರಿಗೆ ವ್ಯತ್ಯಾಸ ಗೊತ್ತು. ಆದರೆ ಮೂರು ವರ್ಷದ ತಂಗಿಗೆ ಹೇಗೆ ಗೊತ್ತಾಗಬೇಕು? ಹೆಸರು, ಡಬ್ಬಿ, ಇಡುವ ಜಾಗ ಅದಲುಬದಲಾದಾಗಲೇ ಎಷ್ಟೋ ಸಲ ವಿಷ ಹೊಟ್ಟೆ ಸೇರುತ್ತದೆ.

ಬಿಹಾರದ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ 2013ರ ಜುಲೈ 16ರಂದು ಬಿಸಿಯೂಟ ಮಾಡಿದ 23 ಮಕ್ಕಳು ತೀರಿಕೊಂಡರು. ಪರೀಕ್ಷೆ ಮಾಡಿದಾಗ ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ಎಣ್ಣೆಯನ್ನು ಕೀಟನಾಶಕದ ಡಬ್ಬಿಯಲ್ಲಿ ಇಟ್ಟಿದ್ದರು ಎಂದು ಅಧಿಕಾರಿಗಳು ತಿಳಿಸಿದರು.

ಈ ವಿಷ ಏನು ಮಾಡುತ್ತದೆ? ನರಗಳು ಒಂದು ರಾಸಾಯನಿಕದ ಮೂಲಕ ಸ್ನಾಯುಗಳಿಗೆ ಸಂದೇಶ ಕಳಿಸುತ್ತವೆ. ಕೆಲಸ ಮುಗಿದ ಮೇಲೆ ಆ ರಾಸಾಯನಿಕವನ್ನು ಒಂದು ಕಿಣ್ವ ಅಳಿಸುತ್ತದೆ. ವಿಷವು ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಜೊಲ್ಲು, ಬೆವರು, ವಾಂತಿ, ಭೇದಿ ಶುರುವಾಗ್ತದೆ. ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗುತ್ತದೆ. ಕೊನೆಗೆ ಉಸಿರಾಟವೇ ನಿಲ್ಲಬಹುದು. ಇದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಅಪಾಯ ಹೆಚ್ಚು ಯಾರಿಗೆ? ಚಿಕ್ಕ ಮಕ್ಕಳಿಗೆ. ಒಂದೇ ಚಮಚ ವಿಷವಾದರೂ, ತೂಕದ ಲೆಕ್ಕದಲ್ಲಿ 50 ಕಿಲೋ ದೊಡ್ಡವರಿಗಿಂತ 10 ಕಿಲೋ ಮಗುವಿಗೆ ಅದು ಐದು ಪಟ್ಟು! ನೀರಿನ ಬಾಟಲಿಯಲ್ಲಿಟ್ಟ ಸೀಮೆಎಣ್ಣೆ, ದಿಂಬಿನ ಪಕ್ಕದ ಅಜ್ಜನ ಸಕ್ಕರೆ ಕಾಯಿಲೆ ಮಾತ್ರೆ, ಇವೂ ಮಕ್ಕಳಿಗೆ ಅಪಾಯವೇ.

ನೆನಪಿಡಿ:

1. ಕೀಟನಾಶಕದ ಡಬ್ಬಿ ಮೇಲಿನ ಬಣ್ಣ ನೋಡಿ. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ವಿಷವೇ.

2. ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ನೀರು, ಎಣ್ಣೆ, ಕಾಳು ತುಂಬಿಡಬಾರದು.

3. ವಿಷ ಕುಡಿದವರಿಗೆ ಉಪ್ಪುನೀರು, ಹುಣಸೆರಸ ಕುಡಿಸಿ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆಯಂತೂ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ.

4. ಮೈಮೇಲೆ ಚೆಲ್ಲಿದರೆ ಬಟ್ಟೆ ಬಿಚ್ಚಿ, ಸೋಪು ಹಚ್ಚಿ, ತುಂಬಾ ನೀರು ಹಾಕಿ ತೊಳೆಯಿರಿ.

5. ತಡಮಾಡದೆ 108ಕ್ಕೆ ಫೋನ್ ಮಾಡಿ. ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರಿಗೆ ಚಿಕಿತ್ಸೆ ಸುಲಭ. ಮೊನೊಕ್ರೊಟೊಫಾಸ್‌ನಂಥ ವಿಷಕ್ಕೆ ಅಟ್ರೊಪಿನ್ ಎಂಬ ಮದ್ದಿದೆ.

6. ಊಟದ ರುಚಿ, ವಾಸನೆ ಬೇರೆ ಅನಿಸಿದರೆ ತಟ್ಟೆ ಕೆಳಗಿಟ್ಟು ಮೇಷ್ಟ್ರಿಗೆ ಹೇಳಿ. ಗಂಡಾಮನ್‌ನ ಮಕ್ಕಳೂ ರುಚಿ ಸರಿಯಿಲ್ಲ ಅಂದಿದ್ದರು.

ಇವತ್ತು ಮನೆಗೆ ಹೋದಮೇಲೆ ಅಪ್ಪ ಅಮ್ಮನಿಗೆ ಇದನ್ನು ಹೇಳಿ. ಹೊಲಕ್ಕೆ ಹೊಡೆಯೋದನ್ನು ಇನ್ಮೇಲೆ ‘ವಿಷ’ ಅಂತಲೇ ಕರೆಯೋಣ. ಬೀಗ ಹಾಕಿ ಇಡಿಸೋಣ.