ಊರು ಬಿಟ್ಟವರ ಲೆಕ್ಕ
1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಹಲವು ಹಳ್ಳಿಗಳವರು ಮನೆ, ಗದ್ದೆ, ದೋಣಿ ಎಳೆಯುವ ದಂಡೆಗಳನ್ನು ತೊರೆದರು. ಅವರು ಮುಂದೆ ಹೇಗೆ ಬಾಳಿದರೆಂಬುದನ್ನು ನಾವು ತಿಳಿಯುವುದು ಹೇಗೆ?

ಜನಗಣತಿಯವರು ನಿಮ್ಮ ಮನೆಗೆ ಬಂದಾಗ ಹುಟ್ಟಿದೂರನ್ನು ಕೇಳುತ್ತಾರಷ್ಟೆ. 1971ರಿಂದ ಹಿಂದಿನ ವಾಸಸ್ಥಳವನ್ನೂ, 1981ರಿಂದ ವಲಸೆಯ ಕಾರಣವನ್ನೂ ಕೇಳುವುದುಂಟು. ಆದರೆ ಎರಡು ಗಣತಿಗಳ ನಡುವೆ ಹೋಗಿ ಮರಳಿದವರು ಆ ಲೆಕ್ಕದಿಂದ ತಪ್ಪಿಹೋಗಬಹುದು. ಕಾರವಾರದಿಂದ ಪಕ್ಕದ ಗೋವೆಗೆ ದುಡಿಯಲು ಹೋಗುವವರನ್ನೇ ನೋಡಿರಿ: ಇಲ್ಲಿಯ ಸಂಶೋಧಕನಿಗೆ ಅವರ ಬಿಡಾರ ಕಾಣದು, ಅಲ್ಲಿಯವನಿಗೆ ಬಿಟ್ಟ ಮನೆ ಕಾಣದು.

ಆದುದರಿಂದ ಎರಡೂ ಕಡೆಯ ವಿದ್ವಾಂಸರು ಒಂದೇ ಪ್ರಶ್ನಾವಳಿ ಹಿಡಿದು, ಅವೇ ಕುಟುಂಬಗಳನ್ನು ವರ್ಷವರ್ಷವೂ ಕಾಣಬೇಕು. ಪರಿಹಾರದ ಹಣ ಬದುಕಾಯಿತೇ ಎಂಬುದು ಆಗಲೇ ತಿಳಿದೀತು.