ಆಲಿಕಲ್ಲು, ಹಂಚು ಮತ್ತು ವಿಮೆ

ಗೋಡೆ ಬಿರುಕು ಬಿಟ್ಟರೆ ನಾವು ವರ್ಷಗಟ್ಟಲೆ ತಾಳಿಕೊಳ್ಳುತ್ತೇವೆ. ನೆಲ ಸವೆದರೆ ಮಕ್ಕಳ ಕಾಲಕ್ಕೆ ನೋಡಿಕೊಂಡರಾಯಿತೆನ್ನುತ್ತೇವೆ. ಮಾಡು ಒಡೆದರೆ ಮಾತ್ರ ಹಾಗೆ ತಾಳುವಂತಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಭಾಗ ಬೀಳುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಗುಡುಗು ಬಿರುಗಾಳಿಗಳ ಕಾಲವಾದರೋ ಅದಕ್ಕೆ ಮುಂಚಿನ ಏಪ್ರಿಲ್ ಮತ್ತು ಮೇ. ಬಂಟ್ವಾಳ ತಾಲ್ಲೂಕಿನ ಮೆಲ್ಕಾರ್‌ನಲ್ಲಿ ಮೇ ತಿಂಗಳ ನಡುವೆ ಒಂದು ಮನೆಯ ಮಾಡು ಮುರಿಯಿತೆನ್ನೋಣ. ಮುಂಗಾರು ಬರುವುದರೊಳಗೆ ಆ ಮನೆಯವರಿಗೆ ದೊರೆಯುವ ಬಿಡುವು ಮೂರು ವಾರವಾದರೆ ಹೆಚ್ಚು. ಅಷ್ಟರಲ್ಲಿ ಹಂಚು, ಮರ, ಕೆಲಸಗಾರ, ಹಣ ಈ ನಾಲ್ಕೂ ಒದಗಬೇಕು. ಮೊದಲ ಮೂರನ್ನು ಹೇಗೋ ಹೊಂದಿಸಬಹುದು. ನಾಲ್ಕನೆಯದು ಎಲ್ಲಿಂದ ಬರಬೇಕು? ಇದನ್ನು ಉತ್ತರಿಸಬೇಕಾದರೆ ಮಾಡನ್ನು ಮುರಿಯುವ ಶಕ್ತಿಗಳಾವುವು, ಮುರಿದುದರ ಬೆಲೆಯನ್ನು ಹೇಗೆ ಕಟ್ಟುತ್ತಾರೆ ಎಂಬ ಎರಡನ್ನೂ ನಾವು ತಿಳಿಯಬೇಕು.

ಆಲಿಕಲ್ಲಿನ ಹುಟ್ಟು

ಬೇಸಗೆಯ ಮಧ್ಯಾಹ್ನ ಕಾದ ನೆಲದ ಮೇಲಿನ ತೇವಭರಿತ ಗಾಳಿ ಹಗುರವಾಗಿ ಮೇಲೇರುತ್ತದೆ. ಪಶ್ಚಿಮಘಟ್ಟದ ಇಳಿಜಾರು ಈ ಏರಿಕೆಗೆ ಒತ್ತಾಸೆಯಾಗುತ್ತದೆ. ಹೀಗೆ ಬೆಳೆದ ಗುಡುಗುಮೋಡ ಹನ್ನೆರಡು, ಹದಿನೈದು ಕಿಲೋಮೀಟರುಗಳೆತ್ತರಕ್ಕೆ ಗೋಪುರದಂತೆ ನಿಲ್ಲುವುದುಂಟು. ನಮ್ಮ ನಾಡಿನ ಮೇಲೆ ಬೇಸಗೆಯಲ್ಲಿ ಸುಮಾರು ಐದು ಕಿಲೋಮೀಟರಿನಾಚೆ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಆದರೂ ಅಲ್ಲಿಯ ನೀರಹನಿಗಳು ಒಡನೆಯೇ ಹೆಪ್ಪುಗಟ್ಟುವುದಿಲ್ಲ. ಅತಿಶೀತಲವಾದ ದ್ರವರೂಪದಲ್ಲಿಯೇ ಉಳಿದಿರುತ್ತವೆ. ಒಂದು ಹಿಮದ ಕಣ ಅವುಗಳ ನಡುವೆ ಸುಳಿದರೆ ಸಾಕು, ಹನಿಗಳು ಅದಕ್ಕೆ ತಾಗಿ ಹೆಪ್ಪುಗಟ್ಟುತ್ತವೆ. ಮೇಲ್ಮುಖವಾಗಿ ನುಗ್ಗುವ ಗಾಳಿ ಆ ಕಣವನ್ನು ಎತ್ತಿ ಹಿಡಿದಿರುವಷ್ಟು ಹೊತ್ತೂ ಅದು ಬೆಳೆಯುತ್ತದೆ. ತೂಕ ಗಾಳಿಯ ಬಲವನ್ನು ಮೀರಿದಾಗ ಆಲಿಕಲ್ಲಾಗಿ ಕೆಳಕ್ಕೆ ಬೀಳುತ್ತದೆ.

ಹೀಗಿದ್ದರೂ ಕರಾವಳಿಯಲ್ಲಿ ಆಲಿಕಲ್ಲು ವಿರಳ. ಬಯಲುಸೀಮೆಯಲ್ಲಿ ಅದು ಹೆಚ್ಚು. ಇದಕ್ಕೆ ಎರಡು ಕಾರಣಗಳಿವೆ. ಕರ್ನಾಟಕದ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಆರೇಳು ನೂರು ಮೀಟರು ಎತ್ತರದಲ್ಲಿದೆ. ಅಲ್ಲಿ ಆಲಿಕಲ್ಲು ಬೆಚ್ಚನೆಯ ಗಾಳಿಯಲ್ಲಿ ಸಾಗಬೇಕಾದ ದಾರಿ ಅಷ್ಟರ ಮಟ್ಟಿಗೆ ಗಿಡ್ಡ. ಎರಡನೆಯದಾಗಿ, ಒಣಗಾಳಿಯಲ್ಲಿ ಬೀಳುವ ಕಲ್ಲಿನ ಮೇಲ್ಮೈಯ ನೀರು ಆವಿಯಾಗಿ ಅದನ್ನು ತಂಪಾಗಿಡುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಕಡಲ ಬದಿಯ ತೇವದ ಗಾಳಿಯಲ್ಲಿ ಈ ರಕ್ಷಣೆ ದೊರೆಯುವುದಿಲ್ಲ. ಆದುದರಿಂದ ಘಟ್ಟದಡಿಯ ಬೆಳ್ತಂಗಡಿಯ ಕಡೆಯಿಂದ ತೇಲಿಬಂದ ಮೋಡ ಮೆಲ್ಕಾರ್‌ನ ಮೇಲೆ ಬಹುಮಟ್ಟಿಗೆ ದಪ್ಪಹನಿಯ ಮಳೆಯನ್ನೇ ಸುರಿಸುತ್ತದೆ, ಕಲ್ಲನ್ನಲ್ಲ.

ಗಾತ್ರ ಎರಡರಷ್ಟು, ಪೆಟ್ಟು ಹದಿನಾರರಷ್ಟು

ಆಲಿಕಲ್ಲಿನ ಪೆಟ್ಟನ್ನು ಲೆಕ್ಕ ಹಾಕುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಸುಲಭ. ಗೋಳದ ವ್ಯಾಸ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಬೀಳುವ ವಸ್ತುವನ್ನು ಗಾಳಿ ತಡೆಯುವುದರಿಂದ ಅದರ ವೇಗ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಈ ಮಿತಿವೇಗ ವ್ಯಾಸದ ವರ್ಗಮೂಲಕ್ಕೆ ಅನುಗುಣ. ಚಲನಶಕ್ತಿಯಲ್ಲಿ ವೇಗದ ವರ್ಗ ಬರುವುದರಿಂದ ವ್ಯಾಸ ಎರಡರಷ್ಟಾದಾಗ ಒಟ್ಟು ಪೆಟ್ಟು ಎಂಟರ ಎರಡರಷ್ಟು, ಎಂದರೆ ಹದಿನಾರರಷ್ಟಾಗುತ್ತದೆ. 2 ಸೆಂಟಿಮೀಟರಿನ ಕಲ್ಲು ಸೆಕೆಂಡಿಗೆ ಸುಮಾರು 14 ಮೀಟರು ವೇಗದಲ್ಲಿ ಬಿದ್ದು 0.4 ಜೂಲಿಗಿಂತ ಕಡಿಮೆ ಶಕ್ತಿಯನ್ನು ತರುತ್ತದೆ. 4 ಸೆಂಟಿಮೀಟರಿನದು ಸುಮಾರು 20 ಮೀಟರು ವೇಗದಲ್ಲಿ ಬಿದ್ದು 6 ಜೂಲುಗಳನ್ನು ತರುತ್ತದೆ. ಮೊದಲನೆಯದು ಹಂಚಿನ ಮೇಲೆ ಸದ್ದು ಮಾಡಿ ಹೋಗುತ್ತದೆ. ಎರಡನೆಯದು ಹಳೆಯ ಹಂಚಿಗೆ ಅಪಾಯ.

ಈಗ ಇದನ್ನು ಹಿತ್ತಲಿನ ತೆಂಗಿನೊಡನೆ ಹೋಲಿಸಿ. ಸಿಪ್ಪೆಸಹಿತ 1.2 ಕಿಲೋಗ್ರಾಂ ತೂಗುವ ಕಾಯಿ ಮಾಡಿಗಿಂತ 10 ಮೀಟರು ಮೇಲಿನಿಂದ ಬಿದ್ದರೆ ಅದರ ಶಕ್ತಿ ಸುಮಾರು 118 ಜೂಲು, ಎಂದರೆ 4 ಸೆಂಟಿಮೀಟರಿನ ಇಪ್ಪತ್ತು ಆಲಿಕಲ್ಲುಗಳು ಒಂದೇ ಕಡೆ ಬಡಿದಷ್ಟು! ಮೆಲ್ಕಾರ್‌ನ ಮಾಡಿಗೆ ನಿಜವಾದ ಆಲಿಕಲ್ಲೆಂದರೆ ತೆಂಗಿನಕಾಯಿಯೇ ಎಂದರೆ ತಪ್ಪಾಗದು.

ಗಾಳಿಯ ಸೆಳೆತ

ಕಾಯಿಗಿಂತಲೂ ದೊಡ್ಡ ವೈರಿ ಗಾಳಿ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರೆಂದು ಅಳೆದು ಅದರ ವರ್ಗವನ್ನು 0.6ರಿಂದ ಗುಣಿಸಿದರೆ, ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂದು ಒತ್ತಡ ದೊರೆಯುತ್ತದೆ. ಗಂಟೆಗೆ 90 ಕಿಲೋಮೀಟರಿನ ಗಾಳಿಗೆ ಇದು 375 ನ್ಯೂಟನ್. ಸುಮಾರು 38 ಕಿಲೋಗ್ರಾಮಿನ ಭಾರಕ್ಕೆ ಸಮ. ಮಾಡಿನ ಹೆಚ್ಚಿನ ಭಾಗದಲ್ಲಿ ಈ ಬಲ ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಸೆಳೆಯುತ್ತದೆ; ಅಂಚಿನಲ್ಲಿಯೂ ನೆತ್ತಿಯಲ್ಲಿಯೂ ಸೆಳೆತ ಇನ್ನೂ ಬಲವಾದುದು.

ಒಂದು ಚದರ ಮೀಟರು ಮಾಡಿಗೆ ಸುಮಾರು 15 ಮಂಗಳೂರು ಹಂಚು ಬೇಕು; ಅವುಗಳ ಒಟ್ಟು ತೂಕ 40 ಕಿಲೋಗ್ರಾಮಿನ ಆಸುಪಾಸು. ಸಂದುಗಳಲ್ಲಿ ಗಾಳಿ ಹಾಯುವುದರಿಂದ ಒಳಹೊರಗಿನ ಒತ್ತಡದ ಅಂತರವೂ ತಗ್ಗುತ್ತದೆ. ಆದುದರಿಂದಲೇ ಮೊಳೆಯಿಲ್ಲದೆ ರೀಪಿನ ಮೇಲೆ ಬರಿದೆ ಕುಳಿತ ಹಂಚು ಎಷ್ಟೋ ಗಾಳಿಗಳನ್ನು ತಾಳಿಕೊಂಡಿದೆ. ಈಚೆಗೆ ಹಂಚಿನ ಬದಲಾಗಿ ಬರುತ್ತಿರುವ ಲೋಹದ ತಗಡಾದರೋ ಅಷ್ಟೇ ಜಾಗಕ್ಕೆ ಐದು ಕಿಲೋಗ್ರಾಂ ತೂಗಿದರೆ ಹೆಚ್ಚು. ಆಲಿಕಲ್ಲಿಗೆ ಅದು ತಗ್ಗುಬೀಳುತ್ತದೆ, ಒಡೆಯದು. ಆದರೆ ಗಾಳಿಗೆ ಅದನ್ನು ಹಿಡಿದಿಡುವುದು ತಿರುಪುಮೊಳೆಗಳು ಮಾತ್ರ. ಹಂಚಿನ ಮಾಡು ಕೆಡುವಾಗ ಹತ್ತಾಗಿ, ಐವತ್ತಾಗಿ ಕೆಡುತ್ತದೆ. ತಗಡಿನ ಮಾಡು ಹಾರಿದರೆ ಇಡಿಯಾಗಿ ಹಾರುತ್ತದೆ. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹಣದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಹಂಚಿನ ತೊಡಕು

ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ ಮತ್ತು ಗುರುಪುರ ನದಿಗಳ ಜೇಡಿಮಣ್ಣು ಅದಕ್ಕೆ ಒದಗಿತು. ಮುಳಿಹುಲ್ಲಿನ ಮಾಡುಗಳಿಗೆ ಬದಲಾಗಿ ಕೆಂಪು ಹಂಚು ಬಂದಿತು. ಅದರ ದೊಡ್ಡ ಗುಣವೆಂದರೆ ಒಂದೊಂದು ಹಂಚನ್ನೂ ಬೇರೆಬೇರೆಯಾಗಿ ಬದಲಿಸಬಹುದಾದುದು. ಆದರೆ ಹಂಚಿನ ಒಂದು ಬದಿಯ ಏಣು ಪಕ್ಕದ ಹಂಚಿನ ತೋಡಿನಲ್ಲಿ ಕೂರಬೇಕು. ಒಂದು ಕಾರ್ಖಾನೆಯ ಅಚ್ಚು ಇನ್ನೊಂದರದಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ; ಹೊಂದದ ಕಡೆ ನೀರು ಇಳಿಯುತ್ತದೆ. ಮಂಗಳೂರಿನ ಹಲವು ಹಳೆಯ ಕಾರ್ಖಾನೆಗಳು ಮುಚ್ಚಿಹೋಗಿವೆ. ಅವುಗಳೊಡನೆ ಅವುಗಳ ಅಚ್ಚುಗಳೂ ಹೋದುವು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯೋಣ. 1300 ಚದರ ಅಡಿ ಮಾಡಿಗೆ ಸುಮಾರು 1800 ಹಂಚು ಬೇಕು. ಲೆಕ್ಕದ ಸುಲಭಕ್ಕಾಗಿ ಹಂಚೊಂದಕ್ಕೆ 50 ರೂಪಾಯಿ ಎಂದು ಹಿಡಿಯಿರಿ. ಗಾಳಿಯಲ್ಲಿ 200 ಹಂಚು ಒಡೆದರೆ ನಷ್ಟ 10,000 ರೂಪಾಯಿ. ಹೊಂದುವ ಹಂಚು ಸಿಗದೆ ಇಡೀ ಮಾಡನ್ನು ಹೊಸದಾಗಿ ಹೊದೆಸಬೇಕಾದರೆ 90,000 ರೂಪಾಯಿ. ರೀಪು, ಕೂಲಿ ಬೇರೆ. ಒಡೆದುದು ಅಷ್ಟೇ; ವೆಚ್ಚ ಮಾತ್ರ ಒಂಬತ್ತರಷ್ಟು.

ಆಸ್ಟ್ರೇಲಿಯದ ಸಿಡ್ನಿ ನಗರ ಇಂತಹ ತೊಡಕನ್ನು ದೊಡ್ಡ ಪ್ರಮಾಣದಲ್ಲಿ ಕಂಡಿತು. 1999ರ ಏಪ್ರಿಲ್ 14ರ ಸಂಜೆ ಅಲ್ಲಿ 9 ಸೆಂಟಿಮೀಟರಿನಷ್ಟು ದೊಡ್ಡ ಆಲಿಕಲ್ಲುಗಳು ಬಿದ್ದುವು. ಅಲ್ಲಿಯ ಹಳೆಯ ಮನೆಗಳ ಮೇಲಿದ್ದುದೂ ನಮ್ಮದನ್ನು ಹೋಲುವ, ಒಂದರೊಳಗೊಂದು ಕೂರುವ ಸುಟ್ಟ ಮಣ್ಣಿನ ಹಂಚು. ಸಾವಿರಾರು ಮನೆಗಳು ತಿಂಗಳುಗಟ್ಟಲೆ ಟಾರ್ಪಾಲಿನಡಿ ಉಳಿದುವು. ಹಂಚಿಗೂ ಕೆಲಸಗಾರರಿಗೂ ಕೊರತೆಯುಂಟಾಯಿತು. ವಿಮಾ ಸಂಸ್ಥೆಗಳು ತೆತ್ತ ಹಣ ಸುಮಾರು 170 ಕೋಟಿ ಆಸ್ಟ್ರೇಲಿಯನ್ ಡಾಲರು.

ಸರಕಾರದ ಪರಿಹಾರ

ನಮ್ಮಲ್ಲಿ ಮನೆಗೆ ಹಾನಿಯಾದೊಡನೆ ಜನ ನೆನೆಯುವುದು ತಾಲ್ಲೂಕು ಕಚೇರಿಯನ್ನು. 2022-23ರಿಂದ 2025-26ರ ಅವಧಿಗೆ ಕೇಂದ್ರ ಸರಕಾರ ವಿಪತ್ತು ಪರಿಹಾರ ನಿಧಿಗೆ ಗೊತ್ತುಪಡಿಸಿದ ದರಗಳಲ್ಲಿ, ಬಯಲು ಪ್ರದೇಶದಲ್ಲಿ ಪೂರ್ತಿ ನಾಶವಾದ ಮನೆಗೆ 1,20,000 ರೂಪಾಯಿ. ಭಾಗಶಃ ಕೆಟ್ಟ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಭಾಗಶಃ ಎನಿಸಬೇಕಾದರೆ ಹಾನಿ ಕನಿಷ್ಠ ಶೇಕಡಾ 15 ಆಗಿರಬೇಕು. ನಮ್ಮ ಉದಾಹರಣೆಯ 200 ಹಂಚು ಮಾಡಿನ ಶೇಕಡಾ 11 ಮಾತ್ರ. ಮನೆಯ ಲೆಕ್ಕದಲ್ಲಿ ಅದು ಇನ್ನೂ ಕಡಿಮೆ. ಆ ಅವಧಿಯ ವಿಪತ್ತುಗಳ ಪಟ್ಟಿಯಲ್ಲಿ ಆಲಿಕಲ್ಲಿನ ಮಳೆ ಸೇರಿತ್ತು. ಚಂಡಮಾರುತವಲ್ಲದ ಬರಿಯ ಬಿರುಗಾಳಿ ಹೆಸರಿಸಲ್ಪಟ್ಟಿರಲಿಲ್ಲ. ಅಂತಹ ಸ್ಥಳೀಯ ವಿಪತ್ತುಗಳಿಗೆ ರಾಜ್ಯವು ನಿಧಿಯ ಶೇಕಡಾ 10ರವರೆಗೆ ಬಳಸಬಹುದಾಗಿತ್ತು. ರಾಜ್ಯಗಳು ತಮ್ಮ ಬೊಕ್ಕಸದಿಂದ ಹೆಚ್ಚು ಕೊಡುವುದೂ ಉಂಟು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ಕರ್ನಾಟಕ 5 ಲಕ್ಷ ರೂಪಾಯಿ ಘೋಷಿಸಿತು. ಆದರೂ ಪರಿಹಾರವೆಂಬುದು ನೆರವು, ನಷ್ಟದ ಬೆಲೆಯಲ್ಲ. ಹಾಗೆಂದು ಅದನ್ನು ಹಗುರವಾಗಿ ಕಾಣಬಾರದು: ಕಂತು ಕಟ್ಟಲಾರದ ಮನೆಗೆ ಇರುವ ಆಸರೆ ಅದೊಂದೇ.

ವಿಮೆಯ ಗಣಿತ

ನಷ್ಟದ ಬೆಲೆಯನ್ನು ಕಟ್ಟಿಕೊಡುವ ಏರ್ಪಾಡು ವಿಮೆ. ಸಾವಿರ ಮನೆಗಳಲ್ಲಿ ವರ್ಷಕ್ಕೆ ಐದರ ಮಾಡು ಹೋಗುತ್ತದೆ, ಒಂದೊಂದಕ್ಕೆ 2 ಲಕ್ಷ ವೆಚ್ಚ ಎಂದು ಊಹಿಸೋಣ. ಒಟ್ಟು 10 ಲಕ್ಷ. ಮನೆಗೆ ಸಾವಿರ ರೂಪಾಯಿಯಂತೆ ಕೂಡಿಸಿದರೆ ತುಂಬಿತು. ಆದರೆ ಆ ಸಾವಿರ ಮನೆಗಳೂ ಒಂದೇ ಊರಿನಲ್ಲಿದ್ದರೆ? ಒಂದು ಸಂಜೆಯ ಗಾಳಿ ಇನ್ನೂರು ಮಾಡುಗಳನ್ನು ಒಮ್ಮೆಗೇ ಕೆಡವಿ ಹುಂಡಿಯನ್ನು ಬರಿದು ಮಾಡೀತು. ಜರ್ಮನಿಯ ನಾಯ್‌ಬ್ರಾಂಡೆನ್‌ಬುರ್ಗ್‌ನಲ್ಲಿ ರೈತರು 1797ರಲ್ಲಿಯೇ ಬೆಳೆಗೆ ಬೀಳುವ ಆಲಿಕಲ್ಲಿಗಾಗಿ ಪರಸ್ಪರ ವಿಮಾ ಸಂಘವನ್ನು ಕಟ್ಟಿದ್ದರು. ಇಂತಹ ಸಂಘ ಬಾಳಬೇಕಾದರೆ ನಷ್ಟ ಬಹು ದೂರದ ಪ್ರದೇಶಗಳಿಗೆ ಹಂಚಿಹೋಗಬೇಕು. ವಿಮಾ ಸಂಸ್ಥೆಗಳು ತಾವೇ ಮತ್ತೊಂದು ಸಂಸ್ಥೆಯಲ್ಲಿ ಮರುವಿಮೆ ಮಾಡಿಸುವುದು ಇದಕ್ಕಾಗಿಯೇ.

ಭಾರತದಲ್ಲಿ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆವಿಮೆ ಜಾರಿಗೆ ಬಂದಿದೆ. ಅದರಲ್ಲಿ ಬಿರುಗಾಳಿ, ಚಂಡಮಾರುತ, ನೆರೆ, ಸಿಡಿಲು, ಭೂಕುಸಿತಗಳು ಸೇರಿವೆ. ಹಳೆಯ ಅಗ್ನಿವಿಮೆಯಲ್ಲಿ ‘ಬಡಿತದ ಹಾನಿ’ ಎಂದರೆ ವಾಹನ ಅಥವಾ ಪ್ರಾಣಿ ಬಡಿದುದಷ್ಟೇ. ಹೊಸದರಲ್ಲಿ ಬೀಳುವ ಮರವೂ ಸೇರಿದಂತೆ ಹೊರಗಿನ ಯಾವ ವಸ್ತುವಿನ ಬಡಿತವೂ ಸಲ್ಲುತ್ತದೆ. ತೆಂಗಿನ ನಾಡಿಗೆ ಇದು ಸಣ್ಣ ಬದಲಾವಣೆಯಲ್ಲ. ಇನ್ನೊಂದು ಸುಧಾರಣೆಯೂ ಇದೆ. 10 ಲಕ್ಷದ ಮನೆಯನ್ನು 5 ಲಕ್ಷಕ್ಕೆ ವಿಮೆ ಮಾಡಿಸಿದವನಿಗೆ ಲಕ್ಷದ ನಷ್ಟವಾದರೆ ಹಿಂದಿನ ರೂಢಿಯಂತೆ ಅರ್ಧ ಲಕ್ಷವಷ್ಟೇ ಸಿಗುತ್ತಿತ್ತು. ಹೊಸ ವಿಮೆ ಈ ಕಡಿತವನ್ನು ಕೈಬಿಟ್ಟಿದೆ.

ಆದರೆ ವಿಮೆ ಸವೆತಕ್ಕೆ ಹೊಣೆಯಲ್ಲ. ಸಮೀಕ್ಷಕನು ಬಂದಾಗ ಕೇಳುವ ಪ್ರಶ್ನೆ ಒಂದೇ: ಮಾಡನ್ನು ಕೆಡವಿದುದು ಗಾಳಿಯೋ, ಗೆದ್ದಲು ತಿಂದ ರೀಪೋ? ಉತ್ತರಕ್ಕೆ ಸಾಕ್ಷ್ಯ ಬೇಕು. ಆದುದರಿಂದ ಬೇಸಗೆಗೆ ಮುನ್ನ ಮಾಡಿನ ಒಳಹೊರಗುಗಳ ಚಿತ್ರ ತೆಗೆದಿಡಬೇಕು. ಹಾನಿಯಾದ ಒಡನೆ ಮತ್ತೆ ಚಿತ್ರ ತೆಗೆದು, ವಿಮಾ ಸಂಸ್ಥೆಗೂ ಗ್ರಾಮದ ಆಡಳಿತಾಧಿಕಾರಿಗೂ ತಿಳಿಸಿ, ಟಾರ್ಪಾಲು ಹೊದೆಸಬೇಕು. ಸಮೀಕ್ಷೆಗಾಗಿ ಕಾಯುತ್ತಾ ಮನೆಯನ್ನು ನೆನೆಯಬಿಡುವುದು ವಿವೇಕವಲ್ಲ. ನಷ್ಟ ಬೆಳೆಯದಂತೆ ತಡೆಯುವುದು ಒಡೆಯನ ಹೊಣೆ. ಒಡೆದ ಹಂಚಿನ ರಾಶಿಯನ್ನೂ ಟಾರ್ಪಾಲಿನ ರಸೀದಿಯನ್ನೂ ಎಸೆಯಬಾರದು. ತೀರ್ಮಾನ ಅನ್ಯಾಯವೆಂದು ತೋರಿದರೆ ಸಂಸ್ಥೆಗೆ ಲಿಖಿತ ದೂರು ಕೊಟ್ಟು, ಅಲ್ಲಿ ಬಗೆಹರಿಯದಿದ್ದಲ್ಲಿ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಮೊರೆಹೋಗಬಹುದು.

ಮೂರು ಬಗೆಯ ನಷ್ಟ, ಮೂರು ಬಗೆಯ ಚೀಲ

ವಿಮೆಯ ನಿಯಮ ನಷ್ಟ ತುಂಬುವುದು, ಹಳೆಯದಕ್ಕೆ ಬದಲಾಗಿ ಲಾಭ ಕೊಡುವುದಲ್ಲ. 200 ಹಂಚು ಒಡೆದರೆ ಅದು 200ಕ್ಕೆ ಬೆಲೆ ಕಟ್ಟುತ್ತದೆ. ಹೊಂದುವ ಅಚ್ಚು ಸಿಗದುದರಿಂದ 1800ನ್ನೂ ಬದಲಿಸಬೇಕಾಯಿತೆಂಬ ವಾದ ಗೆಲ್ಲುವುದು ಕಷ್ಟ. ಆದುದರಿಂದ ಪದೇ ಪದೇ ಬರುವ ಸಣ್ಣ ನಷ್ಟವನ್ನು ಮನೆಯೇ ಹೊರಬೇಕು. ಇದರ ಉಪಾಯವನ್ನು ಹಿರಿಯರು ಬಲ್ಲವರಾಗಿದ್ದರು: ಮನೆ ಕಟ್ಟಿದಾಗಲೇ ಅದೇ ಅಚ್ಚಿನ ನೂರಿನ್ನೂರು ಹಂಚುಗಳನ್ನು ಹಿತ್ತಲಗೋಡೆಗೆ ಒರಗಿಸಿಡುತ್ತಿದ್ದರು. ಹಳೆಯ ಮನೆ ಕೆಡಹುವ ಕಡೆ ಹೊಂದುವ ಹಂಚು ಕಂಡರೆ ಇಂದಿಗೂ ಕೊಂಡಿಡುವುದು ಲೇಸು. ಮನೆಯಿಂದಾಗಲಿ ನೆರವಿನಿಂದಾಗಲಿ ತುಂಬಿಬರದ, ಮಾಡು ಇಡಿಯಾಗಿ ಹೋಗುವ ಅಪರೂಪದ ನಷ್ಟಕ್ಕೆ ವಿಮೆ. ತಗಡಿನ ಮಾಡಿನವರಿಗಂತೂ ಅದು ಹೆಚ್ಚು ಅಗತ್ಯ. ಇವೆರಡರ ನಡುವೆ ಸರಕಾರದ ನೆರವು.

ಮುಂದಿನ ರಜೆಯಲ್ಲಿ ನಮ್ಮ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ತಮ್ಮ ಮನೆಯ ಮಾಡಿನ ಉದ್ದಗಲಗಳನ್ನು ಅಳೆದು ಹಂಚುಗಳನ್ನು ಎಣಿಸಲಿ. ಒಡೆದ ಹಂಚೊಂದನ್ನು ತಿರುವಿ, ಅದರ ಬೆನ್ನಿನ ಮೇಲೆ ಒತ್ತಿರುವ ಕಾರ್ಖಾನೆಯ ಹೆಸರನ್ನು ಬರೆದುಕೊಳ್ಳಲಿ. ಮೇ ತಿಂಗಳ ಗಾಳಿ ಬೀಸಿದ ಮರುದಿನ ಆ ಒಂದು ಹಾಳೆ ಮನೆಯವರಿಗೆ ಬಹಳ ಪ್ರಯೋಜನಕ್ಕೆ ಬರುತ್ತದೆ.