ಎಲ್‌ಡಿಎಲ್ ಕಣಗಳ ಸಂಖ್ಯೆ ಮತ್ತು ಹೃದ್ರೋಗದ ಅಪಾಯ

ಎಲ್‌ಡಿಎಲ್ ಕಣಗಳ ಸಂಖ್ಯೆ ಎಂಬುದು ನಿರ್ದಿಷ್ಟ ಪ್ರಮಾಣದ ರಕ್ತದಲ್ಲಿ ಎಷ್ಟು ಎಲ್‌ಡಿಎಲ್ ಕಣಗಳಿವೆ ಎಂಬುದನ್ನು ತಿಳಿಸುವ ಅಳತೆ. ವಾಡಿಕೆಯ ರಕ್ತಪರೀಕ್ಷೆಯು ಆ ಕಣಗಳೊಳಗಿನ ಕೊಲೆಸ್ಟರಾಲಿನ ತೂಕವನ್ನು ಮಾತ್ರ ತಿಳಿಸುತ್ತದೆ. ಇವೆರಡೂ ಬಹುಮಂದಿಯಲ್ಲಿ ಪರಸ್ಪರ ಹೊಂದಿಕೊಂಡಿರುತ್ತವೆ. ಹೊಂದಿಕೆಯಾಗದ ಸಂದರ್ಭದಲ್ಲಿ ಹೃದಯಾಘಾತದ ಅಪಾಯವನ್ನು ಕಣಗಳ ಸಂಖ್ಯೆಯೇ ಹೆಚ್ಚು ಸರಿಯಾಗಿ ಸೂಚಿಸುತ್ತದೆಯೆಂದು ಅಧ್ಯಯನಗಳು ತೋರಿಸಿವೆ.

ಹಿನ್ನೆಲೆ

ಕೊಲೆಸ್ಟರಾಲ್ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಅದು ಲಿಪೊಪ್ರೋಟೀನ್ ಎಂಬ ಸೂಕ್ಷ್ಮ ಕಣಗಳಲ್ಲಿ ಸೇರಿಕೊಂಡು ರಕ್ತದಲ್ಲಿ ಸಂಚರಿಸುತ್ತದೆ. ಅಮೆರಿಕದ ವಿಜ್ಞಾನಿ ಜಾನ್ ಗಾಫ್‌ಮನ್ ಮತ್ತು ಸಂಗಡಿಗರು 1950ರ ಸುಮಾರಿಗೆ ಅತಿವೇಗದ ಅಪಕೇಂದ್ರಕ ಯಂತ್ರದಿಂದ ಈ ಕಣಗಳನ್ನು ಬೇರ್ಪಡಿಸಿ, ಹೃದ್ರೋಗದೊಡನೆ ಅವುಗಳಿಗಿರುವ ಸಂಬಂಧವನ್ನು ಗುರುತಿಸಿದರು. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಸುಲಭವಾದ ಸೂತ್ರವೊಂದನ್ನು ನೀಡಿದರು. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕೊಲೆಸ್ಟರಾಲನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆದರೆ ಎಲ್‌ಡಿಎಲ್ ಕೊಲೆಸ್ಟರಾಲಿನ ಅಂದಾಜು ದೊರೆಯುತ್ತದೆ. ಈ ಸೂತ್ರದಿಂದಾಗಿ ತೂಕದ ಲೆಕ್ಕವೇ ಬಳಕೆಯಲ್ಲಿ ನೆಲೆಗೊಂಡಿತು.

ಸಂಖ್ಯೆಯ ಮಹತ್ವ

ಎಲ್‌ಡಿಎಲ್ ಕಣಗಳು ಅಪಧಮನಿಯ ಗೋಡೆಯೊಳಗೆ ನುಸುಳಿ ಸಿಕ್ಕಿಕೊಂಡಾಗ ಅಲ್ಲಿ ಉರಿಯೂತವುಂಟಾಗಿ ಕೊಬ್ಬಿನ ಗಡ್ಡೆ ಬೆಳೆಯುತ್ತದೆ. ಕಣಗಳು ಹೆಚ್ಚಿದಷ್ಟೂ ಹೀಗೆ ನುಸುಳುವ ಸಂಭವ ಹೆಚ್ಚು. ಹೊಳೆಯ ದಡಕ್ಕೆ ತಗಲುವುದು ದೋಣಿಗಳೇ ಹೊರತು ಅವುಗಳೊಳಗಿನ ಸರಕಲ್ಲ, ಇಲ್ಲಿಯೂ ಹಾಗೆಯೇ. ಇಬ್ಬರಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಸಮನಾಗಿ 120 ಮಿ.ಗ್ರಾಂ ಇದೆಯೆನ್ನೋಣ. ಒಬ್ಬರಲ್ಲಿ ಅದು ದೊಡ್ಡ ಕಣಗಳಲ್ಲಿಯೂ ಮತ್ತೊಬ್ಬರಲ್ಲಿ ಚಿಕ್ಕ ಕಣಗಳಲ್ಲಿಯೂ ಹಂಚಿಹೋಗಿದ್ದರೆ, ಎರಡನೆಯವರಲ್ಲಿ ಕಣಗಳ ಸಂಖ್ಯೆ ಹೆಚ್ಚಾಗಿರುತ್ತದೆ, ಅಪಾಯವೂ ಹೆಚ್ಚು. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಹಾಗೂ ಅಧಿಕ ಟ್ರೈಗ್ಲಿಸರೈಡ್ ಇರುವವರಲ್ಲಿ ಈ ವ್ಯತ್ಯಾಸ ಸಾಮಾನ್ಯ. ಅಂಥವರಿಗೆ ವಾಡಿಕೆಯ ವರದಿಯು ಹುಸಿ ಧೈರ್ಯವನ್ನು ಕೊಡಬಹುದು.

ಅಳೆಯುವ ವಿಧಾನಗಳು

ಪ್ರತಿಯೊಂದು ಎಲ್‌ಡಿಎಲ್ ಕಣದಲ್ಲಿಯೂ ಅಪೊಲಿಪೊಪ್ರೋಟೀನ್ ಬಿ ಎಂಬ ಪ್ರೋಟೀನಿನ ಒಂದೇ ಒಂದು ಅಣು ಇರುತ್ತದೆ. ಆದ್ದರಿಂದ ಈ ಪ್ರೋಟೀನನ್ನು ಅಳೆದರೆ ಕಣಗಳನ್ನು ಎಣಿಸಿದಂತಾಗುತ್ತದೆ. ವಿಎಲ್‌ಡಿಎಲ್ ಮುಂತಾದ ಇತರ ಹಾನಿಕರ ಕಣಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ಇದಕ್ಕೆ ಉಪವಾಸದ ಅಗತ್ಯವಿಲ್ಲ. ಎನ್‌ಎಂಆರ್ ರೋಹಿತ ವಿಶ್ಲೇಷಣೆಯು ಇನ್ನೊಂದು ವಿಧಾನ. ಅದು ಕಣಗಳ ಗಾತ್ರವನ್ನೂ ತಿಳಿಸುತ್ತದೆ.

ಅಧ್ಯಯನಗಳು ಮತ್ತು ಮಾರ್ಗಸೂಚಿಗಳು

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು 52 ದೇಶಗಳನ್ನು ಒಳಗೊಂಡಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಅದರ ನೇತೃತ್ವ ವಹಿಸಿದ್ದರು. ಅಪೊಲಿಪೊಪ್ರೋಟೀನ್ ಬಿ ಮತ್ತು ಎ1ರ ಅನುಪಾತ ಹಾಗೂ ಧೂಮಪಾನ, ಇವೆರಡೂ ಹೃದಯಾಘಾತದ ಅತಿಮುಖ್ಯ ಅಪಾಯಸೂಚಕಗಳೆಂದು ಅದು ಕಂಡುಕೊಂಡಿತು. ಅಪೊಲಿಪೊಪ್ರೋಟೀನ್ ಬಿ ಪ್ರತಿ ಡೆಸಿಲೀಟರಿಗೆ 130 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪಾಯ ಹೆಚ್ಚಿಸುವ ಅಂಶವೆಂದು 2018ರ ಅಮೆರಿಕದ ಮಾರ್ಗಸೂಚಿ ಪರಿಗಣಿಸಿತು. 2019ರ ಯುರೋಪಿನ ಮಾರ್ಗಸೂಚಿಯು ಅತಿ ಹೆಚ್ಚು ಅಪಾಯವಿರುವವರಲ್ಲಿ ಅದು 65 ಮಿ.ಗ್ರಾಂಗಿಂತ ಕಡಿಮೆಯಿರಬೇಕೆಂದು ಸೂಚಿಸಿತು.

ಮಿತಿಗಳು

ಈ ಅಳತೆಯೊಂದರಿಂದಲೇ ಭವಿಷ್ಯವನ್ನು ನಿರ್ಧರಿಸಲಾಗದು. ವಯಸ್ಸು, ರಕ್ತದೊತ್ತಡ, ಧೂಮಪಾನ, ಸಕ್ಕರೆ ಕಾಯಿಲೆ ಮತ್ತು ಕುಟುಂಬದ ಇತಿಹಾಸಗಳೊಡನೆ ಕೂಡಿಸಿಯೇ ವೈದ್ಯರು ಅಪಾಯವನ್ನು ಅಂದಾಜು ಮಾಡುತ್ತಾರೆ.